ಬದನೆಕಾಯಿ ಬಣ್ಣದ ಪ್ಯಾಂಟು

2022ರಲ್ಲಿ ನಾನು ಸಿಂಗಪುರದ ಕಾಕಿ ಬುಕಿತ್‌ನಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಇಮೇಜ್ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಕಟ್ಟಡದ ಕೆಳಗೆ ಟೈಲ್ಸ್ ಗೋದಾಮು, ಪಕ್ಕದಲ್ಲಿ ಕಾರಿನ ಬಂಪರ್ ರಿಪೇರಿ ಮಾಡುವ ವರ್ಕ್‌ಶಾಪ್, ಮೂರನೆಯ ಮಹಡಿಯಲ್ಲಿ ನಾವು ಹದಿನಾಲ್ಕು ಜನ. ನಾವು ತಯಾರಿಸುತ್ತಿದ್ದದ್ದು ಒಂದೇ ವಸ್ತು, ಗಾಯಗಳ ಫೋಟೋ ತೆಗೆಯುವ ಕೈಕ್ಯಾಮೆರಾ. ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ನರ್ಸ್‌ಗಳು ಅದರಲ್ಲಿ ರೋಗಿಯ ಗಾಯದ ಚಿತ್ರ ತೆಗೆದು ಆಸ್ಪತ್ರೆಗೆ ಕಳಿಸುತ್ತಿದ್ದರು. ಅಲ್ಲಿನ ಡಾಕ್ಟರು ಪರದೆಯ ಮೇಲೆ ನೋಡಿ, ಗಾಯ ಮಾಯುತ್ತಿದೆಯೋ ಕೆಡುತ್ತಿದೆಯೋ ಎಂದು ತೀರ್ಮಾನಿಸುತ್ತಿದ್ದರು. ನಡೆಯಲಾಗದ ವಯಸ್ಸಾದವರಿಗೆ ಆಸ್ಪತ್ರೆಯ ಅಲೆದಾಟ ತಪ್ಪುತ್ತಿತ್ತು.

ಗಾಯದ ವಿಷಯದಲ್ಲಿ ಬಣ್ಣವೇ ಸುದ್ದಿ. ಕೆಂಪಗಿದ್ದರೆ ಹೊಸ ಮಾಂಸ ಬೆಳೆಯುತ್ತಿದೆ ಎಂದರ್ಥ. ಹಳದಿ ಇದ್ದರೆ ಅದನ್ನು ಶುಚಿ ಮಾಡಬೇಕು. ಕಪ್ಪಾದರೆ ಆ ಭಾಗ ಸತ್ತಿದೆ. ಕ್ಯಾಮೆರಾ ತೋರಿಸುವ ಕೆಂಪು ನಿಜವಾದ ಕೆಂಪೇ, ಕಪ್ಪು ನಿಜವಾದ ಕಪ್ಪೇ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಪ್ರತಿ ಕ್ಯಾಮೆರಾದ ಪೆಟ್ಟಿಗೆಯೊಳಗೆ ಹೋಗುವ, ಬಣ್ಣ ಸರಿಯಿದೆ ಎಂದು ಹೇಳುವ ಕ್ಯಾಲಿಬ್ರೇಷನ್ ಹಾಳೆಯ ಕೆಳಗೆ ‘ಶೈಲಜಾ’ ಎಂಬ ನನ್ನ ಹೆಸರು ಅಚ್ಚಾಗಿರುತ್ತಿತ್ತು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಕ್ಯಾಮೆರಾ ಬಣ್ಣವನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಡಿಜಿಟಲ್ ಕ್ಯಾಮೆರಾದೊಳಗಿನ ಸೆನ್ಸರ್‌ಗೆ ತನ್ನಷ್ಟಕ್ಕೆ ಬಣ್ಣವೇ ಗೊತ್ತಿಲ್ಲ. ಅದು ಅಕ್ಕಿಕಾಳಿನ ಚೂರಿಗಿಂತ ಎಷ್ಟೋ ಪಾಲು ಚಿಕ್ಕದಾದ ಲಕ್ಷಾಂತರ ಪಿಕ್ಸೆಲ್‌ಗಳಿರುವ ಸಿಲಿಕಾನ್ ಬಿಲ್ಲೆ. ಪ್ರತಿ ಪಿಕ್ಸೆಲ್ ತನ್ನ ಮೇಲೆ ಬಿದ್ದ ಬೆಳಕು ಎಷ್ಟು ಎಂದು ಅಳೆಯುತ್ತದೆ, ಯಾವ ಬಣ್ಣದ್ದು ಎಂದು ಅದಕ್ಕೆ ತಿಳಿಯದು. ಅದಕ್ಕೇ ಒಂದೊಂದು ಪಿಕ್ಸೆಲ್ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಫಿಲ್ಟರ್ ಕೂರಿಸುತ್ತಾರೆ. ನಮ್ಮ ಸೆನ್ಸರ್‌ನಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳು. ಅದರಲ್ಲಿ ಅರ್ಧ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಮನುಷ್ಯನ ಕಣ್ಣು ಹಸಿರಿನ ಸೂಕ್ಷ್ಮಗಳನ್ನು ಚೆನ್ನಾಗಿ ಗುರುತಿಸುವುದರಿಂದ ಹಸಿರಿಗೆ ಹೆಚ್ಚು ಪಾಲು. ಹೀಗೆ ಪ್ರತಿ ಪಿಕ್ಸೆಲ್‌ಗೆ ಒಂದು ಬಣ್ಣದ ಅಳತೆ ಮಾತ್ರ ಸಿಗುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ.

ಇನ್ನೊಂದು ತೊಡಕಿದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಸಿಲಿಕಾನ್‌ಗೆ ಕಾಣುತ್ತದೆ. ಅದು ಒಳಗೆ ನುಗ್ಗಿದರೆ ಕೆಂಪು ಫಿಲ್ಟರ್‌ನ ಹಿಂದಿರುವ ಪಿಕ್ಸೆಲ್‌ಗಳು ಅದನ್ನೂ ಕೆಂಪೆಂದೇ ಎಣಿಸಿಬಿಡುತ್ತವೆ. ಹಾಗಾಗಿ ಸೆನ್ಸರ್‌ನ ಮುಂದೆ ಇನ್‌ಫ್ರಾರೆಡ್ಡನ್ನು ತಡೆಯುವ ತೆಳು ಗಾಜೊಂದನ್ನು ಇಡುತ್ತಾರೆ. ಇದಕ್ಕೆ ಐಆರ್ ಫಿಲ್ಟರ್ ಎನ್ನುತ್ತೇವೆ. ಉಗುರಿನಷ್ಟು ಅಗಲದ, ನಸುನೀಲಿ ಛಾಯೆಯ ಗಾಜು. ಈ ಕಥೆಯೆಲ್ಲ ಆ ಗಾಜಿನದು.

ಆ ವರ್ಷದ ಫೆಬ್ರವರಿಯಲ್ಲಿ ನಮ್ಮ ಹಳೆಯ ಸರಬರಾಜುದಾರರಿಂದ ಗಾಜು ಬರುವುದು ತಡವಾಯಿತು. ಬೇರೊಂದು ಕಡೆಯಿಂದ ತರಿಸಿದ ಗಾಜನ್ನು ಪರೀಕ್ಷಿಸಿ ಒಪ್ಪುವ ಕೆಲಸ ನನಗೆ ಬಂತು. ಪರೀಕ್ಷೆ ನಡೆಯುವುದು ಲೈಟ್ ಬೂತ್‌ನಲ್ಲಿ. ಬೂದು ಬಣ್ಣ ಬಳಿದ ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ನಾಲ್ಕು ಬಗೆಯ ದೀಪಗಳು: ಹಗಲಿನ ಬೆಳಕಿನಂಥದ್ದು, ಟ್ಯೂಬ್‌ಲೈಟ್, ಎಲ್‌ಇಡಿ, ಮತ್ತೆ ಹಳೆಯ ಕಾಲದ ತಂತಿ ಬಲ್ಬು. ಇಪ್ಪತ್ನಾಲ್ಕು ಬಣ್ಣದ ಚೌಕಗಳಿರುವ ಚಾರ್ಟನ್ನು ಒಂದೊಂದು ದೀಪದಲ್ಲೂ ಇಟ್ಟು ಚಿತ್ರ ತೆಗೆದು, ಚಿತ್ರದ ಬಣ್ಣವನ್ನು ನಿಜವಾದ ಬಣ್ಣದೊಂದಿಗೆ ಹೋಲಿಸಬೇಕು.

ಅವತ್ತು ತಂತಿ ಬಲ್ಬು ಸುಟ್ಟುಹೋಗಿತ್ತು. ಆ ಬೂತ್‌ಗೆ ಹೊಂದುವ ಬಲ್ಬು ಬರಲು ಮೂರು ವಾರ ಬೇಕಿತ್ತು. ಉಳಿದ ಮೂರು ದೀಪಗಳಲ್ಲಿ ಫಲಿತಾಂಶ ಬಹಳ ಚೆನ್ನಾಗಿ ಬಂತು. ಈಗೆಲ್ಲ ಮನೆಗಳಲ್ಲಿ ಎಲ್‌ಇಡಿಯೇ, ತಂತಿ ಬಲ್ಬು ಯಾರು ಹಾಕುತ್ತಾರೆ ಎಂದುಕೊಂಡೆ. ಫಾರ್ಮಿನ ನಾಲ್ಕನೆಯ ಸಾಲಿನಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ನನ್ನ ಮೇಲೆ ಯಾರ ಒತ್ತಡವೂ ಇರಲಿಲ್ಲ. ನನ್ನ ಮ್ಯಾನೇಜರ್ ವೆಂಡಿ ಅವಸರ ಮಾಡುವ ಹೆಂಗಸಲ್ಲ. ಮೂರು ವಾರ ಬೇಕು ಎಂದು ಕೇಳಿದ್ದರೆ ಕೊಡುತ್ತಿದ್ದಳು. ನಾನು ಕೇಳಲಿಲ್ಲ. ಹೊಸ ಗಾಜಿನ ಅರವತ್ತು ಕ್ಯಾಮೆರಾಗಳು ನರ್ಸ್‌ಗಳ ಕೈಸೇರಿದವು.

ಜುಲೈನ ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತಿದ್ದೆ. ಆಫೀಸಿನ ಫೋನಿಗೆ ಒಂದು ಕರೆ ಬಂತು. ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಶೈಲಜಾ ಬೇಕು ಎಂದಳು. ನಾನೇ ಎಂದ ತಕ್ಷಣ ಕನ್ನಡಕ್ಕೆ ಬಂದಳು.

“ಆಂಟಿ, ನೀವು ಕನ್ನಡದವ್ರು ಅಂತ ಹೆಸರು ನೋಡಿ ಗೆಸ್ ಮಾಡ್ದೆ. ನಾನು ವೈಷ್ಣವಿ, ಹೋಮ್ ನರ್ಸ್. ನಿಮ್ಮ ಕ್ಯಾಮೆರಾ ಬಗ್ಗೆ ಒಂದು ಡೌಟ್ ಇತ್ತು.”

ಅವಳು ಸಿಂಗಪುರದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ದಾವಣಗೆರೆ ಕಡೆಯವರಂತೆ. ನರ್ಸ್ ಆಗಿ ಅವಳಿಗೆ ಆಗ ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಬುಕಿತ್ ಬಾಟೋಕ್‌ನ ಒಂದು ಫ್ಲ್ಯಾಟಿಗೆ ಹೋಗಿ, ಲಿಮ್ ಅಂಕಲ್ ಎಂಬ ಎಪ್ಪತ್ತಾರು ವರ್ಷದವರ ಕಾಲಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದಳು. ಅವರಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಕಿರುಬೆರಳ ಬಳಿ ಗಾಯ. ಕಳೆದ ವಾರದಿಂದ ಆ ಬೆರಳಿನ ಬದಿ ಕಪ್ಪಗಾಗುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಆದರೆ ಕ್ಯಾಮೆರಾದ ಫೋಟೋದಲ್ಲಿ ಅದು ಕಂದುಗೆಂಪಾಗಿ ಕಾಣುತ್ತಿತ್ತು. ಆಸ್ಪತ್ರೆಯ ಡಾಕ್ಟರು ಫೋಟೋ ನೋಡಿ, ಒಣಗಿದ ರಕ್ತವಿರಬೇಕು, ಮುಂದುವರಿಸಿ, ಎರಡು ವಾರ ಬಿಟ್ಟು ನೋಡೋಣ ಎಂದಿದ್ದರು. ತನಗೆ ಕಪ್ಪಾಗಿ ಕಾಣುತ್ತಿದೆ ಎಂದು ಅವಳು ಬರೆದದ್ದಕ್ಕೆ, ಕ್ಯಾಮೆರಾ ಕ್ಯಾಲಿಬ್ರೇಟ್ ಆಗಿದೆ ಎಂಬ ಉತ್ತರ ಬಂದಿತ್ತು. ಸ್ವಂತ ಮೊಬೈಲಿನಲ್ಲಿ ರೋಗಿಯ ಫೋಟೋ ತೆಗೆಯುವಂತಿಲ್ಲ, ಅದು ಅವರ ನಿಯಮ. ಹೀಗಾಗಿ ಅವಳ ಬಳಿ ಇದ್ದ ಸಾಕ್ಷಿ ಅವಳ ಕಣ್ಣು ಮಾತ್ರ.

ನಾನು ಏನು ಮಾಡಿದೆ ಎಂದು ಮುಚ್ಚಿಡದೆ ಹೇಳುತ್ತೇನೆ. ಮೊದಲು ಕ್ಯಾಮೆರಾದ ಪರ ವಹಿಸಿಕೊಂಡೆ. ಕೋಣೆಯಲ್ಲಿ ಬೆಳಕು ಕಡಿಮೆ ಇರಬಹುದು, ಲೆನ್ಸ್ ಒರೆಸಿ ನೋಡಿ ಎಂದೆ. ಆದರೂ ಪರೀಕ್ಷಿಸಿ ಹೇಳುತ್ತೇನೆಂದು ಮಾತು ಕೊಟ್ಟು, ನಮ್ಮಲ್ಲಿ ಉಳಿದಿದ್ದ ಹೊಸ ಗಾಜಿನ ಒಂದು ಕ್ಯಾಮೆರಾ ತೆಗೆದು ಲೈಟ್ ಬೂತ್‌ನಲ್ಲಿಟ್ಟೆ. ಸುಟ್ಟ ಬಲ್ಬಿನ ಜಾಗ ಇನ್ನೂ ಖಾಲಿಯೇ ಇತ್ತು. ಯಾರೂ ಕೇಳದ್ದರಿಂದ ಹೊಸ ಬಲ್ಬು ತರಿಸಿಯೇ ಇರಲಿಲ್ಲ. ಮೂರು ದೀಪಗಳಲ್ಲೂ ಕಪ್ಪು ಚೌಕ ಕಪ್ಪಾಗಿಯೇ ಬಂತು. ಸಂಜೆ ಅವಳಿಗೆ ಫೋನ್ ಮಾಡಿ, ಕ್ಯಾಮೆರಾ ಸರಿಯಾಗಿದೆ ಎಂದೆ.

ಅವಳು ವಾದ ಮಾಡಲಿಲ್ಲ. “ಓಕೆ ಆಂಟಿ. ಬಟ್ ನಾನು ನೋಡಿದ್ದು ಕಪ್ಪೇ,” ಎಂದಳು.

ಮನೆಗೆ ಹೋಗುವಾಗ ಎಂಆರ್‌ಟಿ ರೈಲಿನಲ್ಲಿ ಆ ಮಾತೇ ಕೊರೆಯುತ್ತಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಮರೆಯುವುದು ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಂಟೂವರೆಗೇ ಆಫೀಸಿಗೆ ಹೋದೆ. ತೊಂದರೆ ಕಂಡ ಫೋಟೋಗಳನ್ನು ರೋಗಿಯ ಹೆಸರು ತೆಗೆದು ನಮಗೆ ಕಳಿಸಲು ಆಸ್ಪತ್ರೆಯ ಒಪ್ಪಿಗೆಯಿರುವ ಒಂದು ಪೋರ್ಟಲ್ ಇತ್ತು. ವೈಷ್ಣವಿ ಹಿಂದಿನ ಸಂಜೆಯೇ ಲಿಮ್ ಅಂಕಲ್ ಕಾಲಿನ ಫೋಟೋ ಹಾಕಿದ್ದಳು. ದೊಡ್ಡ ಪರದೆಯ ಮೇಲೆ ತೆರೆದು ನೋಡಿದೆ. ಗಾಯ ಕಂದುಗೆಂಪಾಗಿಯೇ ಇತ್ತು. ಒಣಗಿದ ರಕ್ತ ಎಂದು ಯಾರಾದರೂ ನಂಬುವಂತಿತ್ತು. ಗಾಯವನ್ನು ಎಷ್ಟು ನೋಡಿದರೂ ನನಗೆ ಏನೂ ಗೊತ್ತಾಗಲಿಲ್ಲ, ನಾನು ಡಾಕ್ಟರಲ್ಲ. ಹಾಗಾಗಿ ಗಾಯ ಬಿಟ್ಟು ಸುತ್ತಮುತ್ತ ನೋಡತೊಡಗಿದೆ. ಫೋಟೋದ ಮೇಲಿನ ಅಂಚಿನಲ್ಲಿ, ಮೇಲಕ್ಕೆ ಮಡಿಸಿದ್ದ ಪ್ಯಾಂಟಿನ ತುದಿ ಕಾಣುತ್ತಿತ್ತು. ಒಳ್ಳೆ ಬದನೆಕಾಯಿ ಬಣ್ಣ. ಎಪ್ಪತ್ತಾರರ ಮುದುಕರು ಇಂಥ ಬಣ್ಣ ಹಾಕುತ್ತಾರಾ ಎಂಬ ಯೋಚನೆ ಸುಮ್ಮನೆ ಬಂತು.

ವೈಷ್ಣವಿಗೆ ಫೋನ್ ಮಾಡಿದೆ. ಅವಳು ಬೇರೊಬ್ಬ ರೋಗಿಯ ಕಟ್ಟಡದ ಕೆಳಗೆ, ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನಲ್ಲಿ ನಿಂತಿದ್ದಳು.

“ವೈಷ್ಣವಿ, ಅಂಕಲ್ ಅವತ್ತು ಹಾಕ್ಕೊಂಡಿದ್ದ ಪ್ಯಾಂಟ್ ಯಾವ ಬಣ್ಣ?”

“ಬ್ಲ್ಯಾಕ್ ಲಾ ಆಂಟಿ,” ಸಿಂಗಪುರದವರ ‘ಲಾ’ ಸೇರಿಸಿ ಹೇಳಿದಳು. “ಅವರ ಹತ್ರ ಇರೋದೇ ಕಪ್ಪು ಪ್ಯಾಂಟ್.”

“ಕೋಣೇಲಿ ದೀಪ ಯಾವುದಿತ್ತು?”

ಲಿಮ್ ಅಂಕಲ್ ಐವತ್ತು ವರ್ಷ ವಾಚ್ ರಿಪೇರಿ ಮಾಡಿದವರಂತೆ. ಅಂಗಡಿ ಮುಚ್ಚಿದ ಮೇಲೂ ತಮ್ಮ ಕೆಲಸದ ಮೇಜನ್ನೂ ಅದರ ದೀಪವನ್ನೂ ಮನೆಯಲ್ಲಿಟ್ಟುಕೊಂಡಿದ್ದರು. ಅದು ಹಳೆಯ ಹ್ಯಾಲೊಜೆನ್ ದೀಪ, ಹತ್ತಿರ ಹೋದರೆ ಬಿಸಿ ತಾಗುತ್ತದೆ ಎಂದಳು. ಕ್ಯಾಮೆರಾದಲ್ಲೇ ಪುಟ್ಟ ಎಲ್‌ಇಡಿ ಇತ್ತು ನಿಜ. ಆದರೆ ಒದ್ದೆ ಗಾಯ ಅದರಲ್ಲಿ ಪಳಪಳ ಹೊಳೆದುಬಿಡುತ್ತದೆ. ಆದ್ದರಿಂದ ಕೋಣೆಯಲ್ಲಿ ಒಳ್ಳೆಯ ದೀಪವಿದ್ದರೆ ಅದನ್ನೇ ಬಳಸಿ ಎಂದು ನಮ್ಮ ಕೈಪಿಡಿಯೇ ಹೇಳುತ್ತಿತ್ತು. ನರ್ಸ್ ಬಂದಾಗಲೆಲ್ಲ ಅಂಕಲ್ ತಾವೇ ಆ ದೀಪವನ್ನು ಕಾಲಿನ ಮೇಲೆ ಬಗ್ಗಿಸಿ ಕೊಡುತ್ತಿದ್ದರಂತೆ.

ಪರದೆಯ ಮೇಲಿನ ಪ್ಯಾಂಟನ್ನು ಮತ್ತೆ ನೋಡಿದೆ. ಹ್ಯಾಲೊಜೆನ್ ದೀಪವೂ ತಂತಿ ಬಲ್ಬಿನ ಜಾತಿಯದೇ. ಅದು ಉಗುಳುವುದರಲ್ಲಿ ಹೆಚ್ಚಿನ ಪಾಲು ಇನ್‌ಫ್ರಾರೆಡ್. ಕಣ್ಣಿಗೆ ಕಪ್ಪಾಗಿ ಕಾಣುವ ಸಿಂಥೆಟಿಕ್ ಬಟ್ಟೆ ಇನ್‌ಫ್ರಾರೆಡ್ಡನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ನಮ್ಮ ಗಾಜು ಅದನ್ನು ತಡೆಯದಿದ್ದರೆ, ಕಪ್ಪು ಪ್ಯಾಂಟು ಬದನೆಕಾಯಿ ಬಣ್ಣವಾಗುತ್ತದೆ. ಸತ್ತು ಕಪ್ಪಾದ ಚರ್ಮವೂ ಅದನ್ನು ಹಾಗೆಯೇ ಹಿಂದಕ್ಕೆ ಎಸೆದು ರಕ್ತದ ಬಣ್ಣವಾಗುತ್ತದೆ. ಎಲ್‌ಇಡಿಯಲ್ಲೂ ಟ್ಯೂಬ್‌ಲೈಟಿನಲ್ಲೂ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಬೂತ್‌ನಲ್ಲಿ ಹಗಲಿನ ಬೆಳಕು ಕೊಡುತ್ತಿದ್ದದ್ದೂ ಒಂದು ಬಗೆಯ ಟ್ಯೂಬೇ. ನನ್ನ ಬೂತ್‌ನಲ್ಲಿ ಈ ದೋಷ ತೋರಿಸಬಲ್ಲ ದೀಪ ಇದ್ದದ್ದು ಒಂದೇ, ನಾನು ಬಿಟ್ಟದ್ದೂ ಅದನ್ನೇ.

“ವೈಷ್ಣವಿ, ನಿನ್ನ ಕಣ್ಣು ಸರಿ. ನಮ್ಮ ಕ್ಯಾಮೆರಾ ತಪ್ಪು,” ಎಂದೆ. “ಈಗಲೇ ಡಾಕ್ಟರಿಗೆ ಹೇಳು. ಕ್ಯಾಮೆರಾ ಮಾಡಿದವರೇ ಹೇಳಿದ್ರು ಅಂತ ಹೇಳು. ನಾನು ಬರೆದೂ ಕಳಿಸ್ತೀನಿ.”

ಫೋನಿಟ್ಟು ಮೀಟಿಂಗ್ ರೂಮಿಗೆ ಹೋಗಿ ಟಿವಿ ರಿಮೋಟ್ ತಂದೆ. ರಿಮೋಟ್ ಕೆಲಸ ಮಾಡುವುದು ಇನ್‌ಫ್ರಾರೆಡ್‌ನಿಂದಲೇ. ಬಟನ್ ಒತ್ತಿದಾಗ ಅದರ ಮೂತಿಯಲ್ಲಿ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಹಳೆಯ ಗಾಜಿದ್ದ ಕ್ಯಾಮೆರಾದ ಮುಂದೆ ಹಿಡಿದು ಒತ್ತಿದೆ, ಪರದೆಯಲ್ಲಿ ಏನೂ ಕಾಣಲಿಲ್ಲ. ಹೊಸ ಗಾಜಿನ ಕ್ಯಾಮೆರಾದ ಮುಂದೆ ಒತ್ತಿದೆ. ರಿಮೋಟಿನ ತುದಿ ಟಾರ್ಚಿನಂತೆ ಬೆಳಗಿತು. ಪರೀಕ್ಷೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಫೆಬ್ರವರಿಯಲ್ಲೂ ಆ ರಿಮೋಟ್ ಅದೇ ಕೋಣೆಯಲ್ಲಿತ್ತು.

ವೆಂಡಿಯ ಮೇಜಿನ ಬಳಿ ಹೋಗಿ ಎರಡು ಕ್ಯಾಮೆರಾ, ಒಂದು ರಿಮೋಟ್, ನನ್ನ ಸಹಿಯ ಫಾರ್ಮು ಎಲ್ಲವನ್ನೂ ಇಟ್ಟೆ. ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, ನಾನು ಪರೀಕ್ಷಿಸಿರಲಿಲ್ಲ ಎಂದೆ. ಅವಳು ಆ ಸಾಲನ್ನು ಓದಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, ರೋಗಿಯ ಡಾಕ್ಟರಿಗೆ ತಿಳಿಸಿದೆಯಾ ಎಂದು. ನರ್ಸ್‌ಗೆ ಹೇಳಿದ್ದೇನೆ, ಡಾಕ್ಟರಿಗೆ ಬರೆಯಬೇಕು ಎಂದೆ.

“ಬರೆದು ಕಳಿಸು. ಮೊದಲು ಆ ಮನುಷ್ಯನ ಕಾಲು. ಕಾಗದಪತ್ರ ಆಮೇಲೆ,” ಎಂದಳು.

ಹನ್ನೊಂದು ಗಂಟೆಯೊಳಗೆ ಪತ್ರ ಹೋಯಿತು. ಹ್ಯಾಲೊಜೆನ್ ದೀಪದಲ್ಲಿ ನಮ್ಮ ಕ್ಯಾಮೆರಾ ಕಪ್ಪನ್ನು ಕೆಂಪಾಗಿ ತೋರಿಸುತ್ತದೆ, ಫೋಟೋವನ್ನು ನಂಬಬೇಡಿ, ಕಣ್ಣಾರೆ ನೋಡಿ ಎಂದು ಮೂರು ಸಾಲು ಬರೆದಿದ್ದೆ. ಮಧ್ಯಾಹ್ನದೊಳಗೆ ವೆಂಡಿ ಅರವತ್ತು ಕ್ಯಾಮೆರಾಗಳ ಬಳಕೆ ನಿಲ್ಲಿಸಲು ಎಲ್ಲ ನರ್ಸಿಂಗ್ ತಂಡಗಳಿಗೂ ಹೇಳಿಯಾಗಿತ್ತು. ಲಿಮ್ ಅಂಕಲ್ ಅವರನ್ನು ಅವತ್ತೇ ಆಸ್ಪತ್ರೆಗೆ ಕರೆಸಿಕೊಂಡರು.

ಶುಕ್ರವಾರ ವೈಷ್ಣವಿಯ ಫೋನ್ ಬಂತು. ಕಿರುಬೆರಳನ್ನು ತೆಗೆಯಬೇಕಾಯಿತು, ಪಾದ ಉಳಿದಿದೆ ಎಂದಳು. ಒಂದು ವಾರ ಮೊದಲೇ ಗೊತ್ತಾಗಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ನಾನು ಕೇಳಿದೆ. ತಾನೂ ಅದನ್ನೇ ಡಾಕ್ಟರನ್ನು ಕೇಳಿದೆ ಎಂದಳು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರಂತೆ. ಆ ಉತ್ತರ ಇವತ್ತಿಗೂ ಹಾಗೆಯೇ ನನ್ನೊಳಗಿದೆ. ಯಾವ ಕಡೆಗೂ ವಾಲುವುದಿಲ್ಲ.

ಮುಂದಿನ ಕೆಲವು ವಾರ ನಾನು ಬೇರೇನೂ ಮಾಡಲಿಲ್ಲ. ವಾಪಸ್ ಬಂದ ಕ್ಯಾಮೆರಾಗಳ ಗಾಜು ಬದಲಾಯಿಸಿ, ಒಂದೊಂದನ್ನೂ ಹೊಸದಾಗಿ ತರಿಸಿದ ತಂತಿ ಬಲ್ಬೂ ಸೇರಿ ನಾಲ್ಕು ದೀಪಗಳಲ್ಲಿ, ಜೊತೆಗೆ ಕಿಟಕಿಯ ಬಿಸಿಲಿನಲ್ಲೂ ಪರೀಕ್ಷಿಸಿದೆ. ಸಹೋದ್ಯೋಗಿಗಳ ಕಪ್ಪು ಬ್ಯಾಗು, ಛತ್ರಿ, ಕಾಲುಚೀಲ ಎಲ್ಲವೂ ನನ್ನ ಚಾರ್ಟಿನ ಪಕ್ಕ ಸಾಲಾಗಿ ಕೂತವು. ಆಸ್ಪತ್ರೆಯವರು ಆ ತಿಂಗಳುಗಳ ಫೋಟೋಗಳನ್ನೆಲ್ಲ ಮತ್ತೆ ನೋಡಿದರು. ಬಹುತೇಕ ಮನೆಗಳಲ್ಲಿ ಎಲ್‌ಇಡಿ ಇದ್ದದ್ದರಿಂದ ಬಣ್ಣ ಸರಿಯಾಗಿತ್ತು. ಅನುಮಾನ ಬಂದ ರೋಗಿಗಳ ಮನೆಗೆ ನರ್ಸ್‌ಗಳು ಹೋಗಿ ನೋಡಿಬಂದರು. ಬೇರೆ ಯಾರಿಗೂ ಅಪಾಯವಾಗಿರಲಿಲ್ಲ. ನನ್ನ ವರದಿಯಲ್ಲಿ ‘ಪರೀಕ್ಷೆ ನಡೆದಿರಲಿಲ್ಲ’ ಎಂದು ಬರೆದಿದ್ದೆ. ಅದನ್ನು ಓದಿ ನಾನೇ ಹೊಡೆದುಹಾಕಿ, ‘ನಾನು ಪರೀಕ್ಷೆ ಮಾಡಲಿಲ್ಲ’ ಎಂದು ತಿದ್ದಿದೆ. ಆರು ತಿಂಗಳು ನನ್ನ ಸಹಿಯ ಪಕ್ಕ ಇನ್ನೊಬ್ಬರ ಸಹಿ ಇರಬೇಕೆಂದು ಕಂಪನಿ ನಿರ್ಧರಿಸಿತು. ನ್ಯಾಯವೇ ಅದು.

ಲಿಮ್ ಅಂಕಲ್ ಮನೆಗೆ ಬಂದ ಮೇಲೆ, ಅವರು ಒಪ್ಪಿದರೆ ಹೋಗಿ ಮಾತಾಡಬೇಕು ಎಂದು ವೆಂಡಿಯನ್ನು ಕೇಳಿದೆ. ಕಂಪನಿಯಿಂದ ಈಗಾಗಲೇ ಪತ್ರ ಹೋಗಿದೆಯಲ್ಲ ಎಂದಳು. ಸ್ವಲ್ಪ ಯೋಚಿಸಿ, ಹೋಗಿ ಬಾ ಎಂದಳು. ವೈಷ್ಣವಿ ಡ್ರೆಸ್ಸಿಂಗ್‌ಗೆ ಹೋಗುವ ಒಂದು ಬೆಳಿಗ್ಗೆ ಅವಳ ಜೊತೆ ಹೋದೆ. ಅವಳನ್ನು ನಾನು ಮೊದಲು ನೋಡಿದ್ದೇ ಅಂದು, ಬುಕಿತ್ ಬಾಟೋಕ್ ಸ್ಟೇಷನ್ನಿನ ಮುಂದೆ. ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡ ಕುಳ್ಳಗಿನ ಹುಡುಗಿ. ಮೊದಲ ದಿನ ಅವಳ ಮಾತು ನಂಬದಿದ್ದಕ್ಕೆ ಕ್ಷಮೆ ಕೇಳಿದೆ. ಒಂದು ಸಲ ತನಗೂ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು, ಕನ್ನಡಕದ ಅಂಗಡಿಗೆ ಹೋಗಿ ಚೆಕ್ ಮಾಡಿಸಿಕೊಂಡು ಬಂದೆ ಎಂದಳು. ಆ ಮಾತು ನನಗೆ ಬೆರಳಿನ ಸುದ್ದಿಯಷ್ಟೇ ನೋವು ಕೊಟ್ಟಿತು. ಸರಿಯಾಗಿ ಕಾಣುತ್ತಿದ್ದ ಹುಡುಗಿಯನ್ನು ನನ್ನ ಸಹಿ ಕಣ್ಣು ಪರೀಕ್ಷೆಗೆ ಅಟ್ಟಿತ್ತು.

ಒಂಬತ್ತನೆಯ ಮಹಡಿಯ ಆ ಮನೆಯಲ್ಲಿ ಲಿಮ್ ಅಂಕಲ್ ಕಾಲು ಚಾಚಿ ಕೂತಿದ್ದರು. ನಾನು ಯಾರು, ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂದು ಸುತ್ತಿ ಬಳಸದೆ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಗಾಜು ತಂದಿದ್ದೀಯಾ ಎಂದು ಕೇಳಿದರು. ಹಳೆಯದು ಹೊಸದು ಎರಡನ್ನೂ ಸಣ್ಣ ಡಬ್ಬಿಯಲ್ಲಿ ಒಯ್ದಿದ್ದೆ. ವಾಚ್‌ನವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮ್ಮಟದಲ್ಲಿ ಒಂದೊಂದನ್ನೇ ಎತ್ತಿ ಅದೇ ದೀಪದಡಿ ಹಿಡಿದರು. ಕೈ ಸ್ವಲ್ಪವೂ ನಡುಗಲಿಲ್ಲ. ಎರಡೂ ಒಂದೇ ಥರ ಕಾಣುತ್ತಿವೆ ಎಂದರು. ಹೌದು, ಕಣ್ಣಿಗೆ ಹಾಗೇ ಎಂದೆ.

ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದರ ಸಾರ ಇದು. ನಿಂತುಹೋದ ವಾಚನ್ನು ಗಿರಾಕಿ ಅವತ್ತೇ ಅಂಗಡಿಗೆ ತರುತ್ತಾನೆ, ಅದರಿಂದ ಯಾರಿಗೂ ಮೋಸವಿಲ್ಲ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವ ವಾಚನ್ನು ಯಾರೂ ತರುವುದಿಲ್ಲ, ಅದನ್ನು ನಂಬಿಕೊಂಡೇ ಓಡಾಡುತ್ತಾರೆ. ತಾವೂ ಹಾಗೆ ಸರಿಯಾಗಿ ನೋಡದೆ ಕೊಟ್ಟುಬಿಟ್ಟ ವಾಚುಗಳಿವೆ ಎಂದರು. ಆಮೇಲೆ, “ನನ್ನ ಕೈಯಿಂದ ಯಾರ ಬೆರಳೂ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ,” ಎಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ವೈಷ್ಣವಿಗೆ ನನ್ನನ್ನು ತೋರಿಸಿ, ಇವರಿಗೆ ಕಾಫಿ ಕುಡಿಸಿ ಕಳಿಸು, ಮುಖ ಬಿಳಿಚಿದೆ ಎಂದರು.

ಕೆಳಗೆ ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿನಲ್ಲಿ ಕಾಫಿ ಕುಡಿಯುತ್ತಾ ಕೂತಾಗ ನನ್ನ ವೃತ್ತಿಯ ಬಗ್ಗೆ ಮೊದಲ ಬಾರಿ ಬೇರೆ ರೀತಿಯಲ್ಲಿ ಯೋಚಿಸಿದೆ. ಇಪ್ಪತ್ತು ವರ್ಷ ನಾನು ಸೆನ್ಸರನ್ನು ಪರೀಕ್ಷಿಸಿದ್ದು ನನಗೆ ಅನುಕೂಲವಾದ ಬೆಳಕಿನಲ್ಲಿ. ಜನ ಬದುಕುವುದು ಅವರವರ ಮನೆಯ ಬೆಳಕಿನಲ್ಲಿ. ಯಾರಾದರೂ ನಿಮ್ಮ ಯಂತ್ರ ತಪ್ಪು ತೋರಿಸುತ್ತಿದೆ ಎಂದರೆ ನಾನೀಗ ಸಮರ್ಥನೆಗೆ ಇಳಿಯುವುದಿಲ್ಲ. ನೀವು ಎಲ್ಲಿದ್ದೀರಿ, ಅಲ್ಲಿ ದೀಪ ಯಾವುದು ಎಂದು ಕೇಳುತ್ತೇನೆ. ಆಗುವುದಾದರೆ ಹೋಗಿ ನೋಡುತ್ತೇನೆ.

ಪರೀಕ್ಷೆಯ ಫಾರ್ಮನ್ನೂ ಬದಲಿಸಿದೆವು. ‘ಅನ್ವಯಿಸುವುದಿಲ್ಲ’ ಎಂದು ಬರೆಯುವುದನ್ನು ನಿಲ್ಲಿಸಿ, ಆ ಜಾಗದಲ್ಲಿ ಟಿಕ್ ಹಾಕಲು ‘ಪರೀಕ್ಷಿಸಿಲ್ಲ’ ಎಂಬ ಚೌಕ ಅಚ್ಚು ಮಾಡಿಸಿದೆವು. ಅನ್ವಯಿಸುವುದಿಲ್ಲ ಎಂದು ಬರೆದರೆ ಓದುವವನು ಮುಂದಕ್ಕೆ ಹೋಗುತ್ತಾನೆ. ಪರೀಕ್ಷಿಸಿಲ್ಲ ಎಂದಿದ್ದರೆ ಯಾಕೆ ಎಂದು ನಿಲ್ಲುತ್ತಾನೆ. ಇದಕ್ಕೆ ಯಾರು ತಾನೇ ಟಿಕ್ ಹಾಕುತ್ತಾರೆ, ಟಿಕ್ ಹಾಕಿದರೆ ಮಾಲು ಹೊರಡುವುದಿಲ್ಲವಲ್ಲ ಎಂದು ವೆಂಡಿ ಅನುಮಾನಪಟ್ಟಳು.

ಮರುವರ್ಷ ಒಂದು ಹೊಸ ಸೆನ್ಸರ್ ಬಂದಾಗ, ಅದನ್ನು ಬಿಸಿಲಿನಲ್ಲಿ ನೋಡಬೇಕಿದ್ದ ವಾರವಿಡೀ ಮೋಡ ಕವಿದಿತ್ತು. ಗಿರಾಕಿಗಳು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ನಾನು ‘ಪರೀಕ್ಷಿಸಿಲ್ಲ’ ಎಂಬುದಕ್ಕೆ ಟಿಕ್ ಹಾಕಿದೆ. ಮಾಲು ಒಂಬತ್ತು ದಿನ ನಿಂತಿತು, ಬೈಗುಳವನ್ನೂ ತಿಂದೆವು. ಹತ್ತನೆಯ ದಿನ ಬಿಸಿಲು ಬಂದಾಗ ಕ್ಯಾಮೆರಾ ಹಿಡಿದು ಛಾವಣಿಗೆ ಹೋದೆ. ಬಣ್ಣಗಳೆಲ್ಲ ಸರಿಯಾಗಿಯೇ ಇದ್ದವು. ಒಂಬತ್ತು ದಿನ ಕಾದದ್ದು ವ್ಯರ್ಥವಾಯಿತು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.